ಒಂದು ಒಲೆಯ ಊರು

ಗೌರಕ್ಕ ಮದುವೆಯಾಗಿ ಬಂದಾಗ ಆ ಜಾಗಕ್ಕೆ ಹೆಸರೇ ಇರಲಿಲ್ಲ. ಬೈರಿದೇವರಕೊಪ್ಪದ ಗೆಳತಿಯರು ಗಂಡನ ಊರು ಯಾವುದೆಂದು ಕೇಳಿದಾಗ ಅವಳು ಹಿರಿಯರು ಹೇಳಿಕೊಟ್ಟಂತೆ ‘ಶಿರಗುಪ್ಪಿ’ ಎಂದಿದ್ದಳು. ಆದರೆ ಅವಳನ್ನು ಹೊತ್ತ ಚಕ್ಕಡಿ ಶಿರಗುಪ್ಪಿಯಲ್ಲಿ ನಿಲ್ಲಲಿಲ್ಲ. ಊರಬಾಗಿಲಾದ ಅಗಸಿ ದಾಟಿತು, ಕೆರೆಯ ದಂಡೆ ದಾಟಿತು, ಎರೆಹೊಲಗಳ ನಡುವಿನ ಬಂಡಿಜಾಡು ಹಿಡಿದು ಹೋಗುತ್ತಲೇ ಇತ್ತು. ಸೆರಗಿನೊಳಗಿಂದ ಹುಡುಗಿ ಮೆಲ್ಲಗೆ ಕೇಳಿದಳು:

“ಊರು ಹಿಂದಽ ಉಳೀತಲ್ಲ?”

ಪಕ್ಕದಲ್ಲಿ ಕೂತಿದ್ದ ಮುತ್ತವ್ವ ಕಿಸಕ್ಕನೆ ನಕ್ಕಳು. ಅವಳು ಗಂಡನ ಮನೆಗೆ ಗೋಡೆ ಹಂಚಿಕೊಂಡ ನೆರೆಯವಳು, ಮಾತಿನಲ್ಲಿ ಮುಂದು. “ಊರು ಮುಗದ ಮ್ಯಾಲಽ ನಮ್ಮ ಮನಿ ಸುರು ಆಗ್ತಾವವ್ವ. ಗಾಬರಿ ಆಗಬ್ಯಾಡ.”

ಮನೆಗಳು ಕಂಡವು. ಒಂದು ದೊಡ್ಡ ಕಣ, ಕಣದ ಒಂದು ಬದಿಗೆ ಬೇವಿನ ಗಿಡ, ಇನ್ನೊಂದು ಬದಿಗೆ ಒಂದಕ್ಕೊಂದು ಒತ್ತಿಕೊಂಡ ಹತ್ತು-ಹನ್ನೆರಡು ಮಣ್ಣಿನ ಮಾಳಿಗೆಯ ಮನೆಗಳು. ಹುಬ್ಬಳ್ಳಿಯ ಅರಳೆ ವ್ಯಾಪಾರಿ ಮಡಿವಾಳಪ್ಪ ಸಾವುಕಾರ ಇಲ್ಲಿ ಹೊಲ ಹಿಡಿದಾಗ ಹತ್ತಿ ಕಾಯುವುದಕ್ಕೆ, ಬಿಡಿಸುವುದಕ್ಕೆ ಎಂದು ಅಲ್ಲಿಂದ ಇಲ್ಲಿಂದ ತಂದಿರಿಸಿದ ಕುಟುಂಬಗಳು ಅವು. ಗೌಡ ಇಲ್ಲ, ಕುಲಕರ್ಣಿ ಇಲ್ಲ, ಚಾವಡಿ ಇಲ್ಲ, ಗುಡಿ ಇಲ್ಲ, ಬಾವಿಯೂ ಇಲ್ಲ. ಶಿರಗುಪ್ಪಿಯವರು ‘ಕಣದವರು’ ಎನ್ನುತ್ತಿದ್ದರು, ಅದೂ ಕೆಲಸ ಬಿದ್ದಾಗ. ಸರಕಾರ ಏನೂ ಅನ್ನುತ್ತಿರಲಿಲ್ಲ. ಅದರ ನಕಾಶೆಯಲ್ಲಿ ಅಲ್ಲಿ ಹೊಲವಿತ್ತು, ಅಷ್ಟೆ.

ಗಂಡ ಫಕೀರಪ್ಪ ಸಾವುಕಾರನ ಹೊಲದ ಕಾವಲುಗಾರ. ಕೆಟ್ಟವನಲ್ಲ, ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಆದರೆ ರೊಟ್ಟಿ ತಟ್ಟುವ ಸಪ್ಪಳ ಕೇಳದೆ ಅವನಿಗೆ ಎಚ್ಚರವಾಗುತ್ತಿರಲಿಲ್ಲ. ಅಂದರೆ ಅವನು ಕಣ್ಣು ಬಿಡುವ ಮುಂಚೆ ಜೋಳ ಬೀಸಿ ಆಗಿರಬೇಕು, ಕೆರೆಯಿಂದ ಒಂದು ಸಲ ನೀರು ಬಂದಿರಬೇಕು, ಹತ್ತಿಕಟ್ಟಿಗೆ ಮುರಿದು ಒಲೆಗೆ ಉರಿ ಹತ್ತಿರಬೇಕು. ಆಮೇಲೆ ರೊಟ್ಟಿ, ಪಲ್ಯ, ಗಂಡನ ಬುತ್ತಿ, ತನ್ನ ಬುತ್ತಿ. ಬಿಸಿಲು ಏರುವುದರೊಳಗೆ ಉಡಿ ಕಟ್ಟಿಕೊಂಡು ಹತ್ತಿಯ ಸಾಲಿನಲ್ಲಿ ನಿಂತಿರಬೇಕು. ಸಂಜೆ, ಒಣಗಿದ ಕಾಯಿಯ ತುದಿ ಚುಚ್ಚಿ ಗೀರಿದ ಬೆರಳುಗಳಿಂದ ಮತ್ತೆ ಅದೇ ಹಿಟ್ಟು. ಕುದಿನೀರು ಹೊಯ್ದು ಕಲಸುವಾಗ ಗೀರುಗಳು ಉರಿಯುತ್ತಿದ್ದವು. ಗೋಡೆಯ ಆಚೆ ಮುತ್ತವ್ವನೂ ಅದನ್ನೇ ಮಾಡುತ್ತಿದ್ದಳು, ಅದರಾಚೆ ಮತ್ತೊಬ್ಬಳು. ಅಷ್ಟೂ ಮನೆಗಳಲ್ಲಿ ಒಂದೇ ಹೊತ್ತಿಗೆ ಒಂದೇ ಸಪ್ಪಳ. ಆದರೂ ಪ್ರತಿಯೊಬ್ಬಳೂ ಒಂಟಿಯಾಗಿ ಕೂತು ಹೊಗೆ ಕುಡಿಯುತ್ತಿದ್ದಳು.

ಗೌರಕ್ಕನಿಗೆ ಒಂದೆಡೆ ಕೂರುವ ಸ್ವಭಾವವೇ ಅಲ್ಲ. ‘ಇಕಿ ಕಾಲಾಗ ಚಕ್ರ ಐತಿ’ ಎಂದು ಅತ್ತೆ ಸಾಯುವವರೆಗೂ ಗೊಣಗಿದಳು. ರೊಟ್ಟಿ ಹಂಚಿನ ಮೇಲೆ ಬೇಯುವ ಅಷ್ಟು ಹೊತ್ತಿನಲ್ಲೇ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದಳು. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ, ಕಪ್ಪು ನೆಲ ಮತ್ತು ಅದರ ಮೇಲೆ ಆಕಾಶ. ಆದರೂ ನೋಡಿ ಬರುತ್ತಿದ್ದಳು.

ಉಪ್ಪಿನ ಸತ್ಯಾಗ್ರಹದ ಗದ್ದಲ ತಣ್ಣಗಾದ ಮರುವರ್ಷ, ಹತ್ತಿ ಬಿಡಿಸುವ ಕಾಲದಲ್ಲಿ, ಕೊನೆಯ ಮನೆಗೆ ಬೆಂಕಿ ಬಿತ್ತು. ಬಿಡಿಸಿದ ಹತ್ತಿಯನ್ನು ಗಿರಣಿಗೆ ಸಾಗಿಸುವವರೆಗೆ ಮನೆಗಳಲ್ಲೇ ತುಂಬಿಡುತ್ತಿದ್ದರು. ಜನ ಹತ್ತಿಯ ಮೂಟೆಗಳ ಸಂದಿಯಲ್ಲಿ ಮಲಗುತ್ತಿದ್ದರು. ಒಲೆಯಿಂದ ಒಂದು ಕಿಡಿ ಹಾರಿತು. ಮನುಷ್ಯರು ಉಳಿದರು, ಹತ್ತಿ ಉಳಿಯಲಿಲ್ಲ. ಮರುದಿನ ಮಡಿವಾಳಪ್ಪ ಸಾವುಕಾರ ಜಟಕಾದಲ್ಲಿ ಬಂದು ಬೂದಿಯನ್ನು ಬೆತ್ತದಿಂದ ಕೆದಕಿ ಕೆದಕಿ ನೋಡಿದ.

“ಅರಳಿ ಮನ್ಯಾಗಿರೂ ತನಕ ಯಾರೂ ಮನ್ಯಾಗ ಒಲಿ ಹೊತ್ತಸಬಾರದು,” ಎಂದ. “ಆ ಬೇವಿನ ಗಿಡದ ಬುಡಕ ಒಂದು ಒಲಿ ಹೂಡ್ರಿ. ಎಲ್ಲಾರೂ ಅದರಾಗಽ ಬೇಯಿಸ್ಕೊಳ್ರಿ.”

ಬಿದ್ದ ಗೋಡೆ ಕಟ್ಟಿಕೊಡುವ ಮಾತು ಅವನ ಬಾಯಿಂದ ಬರಲಿಲ್ಲ.

ಬೇವಿನ ಬುಡದಲ್ಲಿ ಉದ್ದನೆಯ ಒಲೆ ಹೂಡಿದರು, ಮೇಲೆ ಒಂದು ಚಪ್ಪರ. ಮೊದಲ ಕೆಲವು ದಿನ ಬರೀ ಜಗಳ. ಒಬ್ಬಳ ಹಂಚು ಇಳಿಯುವವರೆಗೆ ಉಳಿದವರು ಹಿಟ್ಟಿನ ಪರಾತ ಹಿಡಿದು ಕಾಯಬೇಕು. ಹೊತ್ತು ಏರುತ್ತಿತ್ತು, ಹೊಲದಿಂದ ಕೂಲಿಗಳ ಮೇಸ್ತ್ರಿ ಮುಕಾದಮ ಕೂಗುತ್ತಿದ್ದ. ಕಾಯುವುದೆಂದರೆ ಗೌರಕ್ಕನಿಗೆ ಮೈಯೆಲ್ಲ ಇರುವೆ ಹತ್ತಿದಂತೆ. ಒಂದು ದಿನ ಅವಳು ಮುತ್ತವ್ವನ ಪರಾತ ಕಿತ್ತುಕೊಂಡಳು.

“ನಿಂದೂ ನಾನಽ ಬಡೀತೀನಿ. ನೀ ಹೋಗಿ ಸಾಲ ಹಿಡಿ. ನಾಳೆ ನಂದು ನೀ ಬಡಿ.”

“ನಿನ್ನ ರೊಟ್ಟಿ ನನ್ನ ಗಂಡ ತಿಂತಾನೇನ?”

“ಹಸಿವಾದ್ರ ತಿಂತಾನ.”

ತಿಂದ. ಅಲ್ಲಿಂದ ಪಾಳಿ ಸುರುವಾಯಿತು. ದಿನಕ್ಕೆ ಇಬ್ಬರು ಹೆಂಗಸರು ಒಲೆಯ ಮುಂದೆ, ಉಳಿದವರೆಲ್ಲ ಹೊಲಕ್ಕೆ. ಒಂದು ದೊಡ್ಡ ಗಡಿಗೆಯಲ್ಲಿ ಎಲ್ಲರಿಗೂ ಪುಂಡಿಪಲ್ಯ ಅಥವಾ ಬೇಳೆ. ಬಿಡಿಸಿದ ಹತ್ತಿಗೆ ತಕ್ಕ ಕೂಲಿ. ಹಾಗಾದರೆ ಒಲೆಯ ಮುಂದೆ ಉಳಿದವಳ ಕೂಲಿ ಹೋಯಿತಲ್ಲ? ಅದಕ್ಕೂ ದಾರಿ ಹುಡುಕಿದರು. ಸಂಜೆ ಉಡಿ ಬಿಚ್ಚುವಾಗ ಪ್ರತಿಯೊಬ್ಬಳೂ ಒಂದು ಬೊಗಸೆ ಹತ್ತಿ ತೆಗೆದು ಬೇರೆ ಇಡುತ್ತಿದ್ದಳು. ಅದಕ್ಕೆ ‘ಒಲಿಪಾಲು’ ಎಂದು ಹೆಸರು ಬಿತ್ತು. ರೊಟ್ಟಿ ಬಡಿದವಳಿಗೂ ಪಾಲುಂಟು ಎಂಬ ಮಾತನ್ನು ಆ ಸೀಮೆಯಲ್ಲಿ ಅದಕ್ಕೂ ಮೊದಲು ಯಾರೂ ಕೇಳಿರಲಿಲ್ಲ. ಕೇಳಿದ ಗಂಡಸರು ನಕ್ಕರು. ಹೆಂಗಸರು ನಗಲಿಲ್ಲ, ಹತ್ತಿ ತೆಗೆದಿಟ್ಟರು.

ಹತ್ತಿ ಗಿರಣಿಗೆ ಹೋಯಿತು. ಮನೆಗಳು ಬರಿದಾದವು. ಫಕೀರಪ್ಪ ಸಂಜೆ ಕಟ್ಟೆಯ ಮೇಲೆ ಕೂತು ಕೇಳಿದ:

“ಅರಳಿ ಹೋತಲ್ಲ. ನಾಳಿಂದ ಮನ್ಯಾಗ ಒಲಿ ಹೊತ್ತಸ್ತಿ ಹೌದಿಲ್ಲೋ?”

“ಬೆಳಕಿಂಡಿ ಮುಚ್ಚಿಸೇನಿ. ಮಳಿ ಬರೂಹಂಗ ಐತಿ. ಹೊಗಿ ಎಲ್ಲೆ ಹೋಗಬೇಕು?”

ಮಳೆಗಾಲ ಮುಗಿದ ಮೇಲೆ ಮತ್ತೊಂದು ನೆವ, ಅಷ್ಟರಲ್ಲಿ ಮತ್ತೆ ಹತ್ತಿ. ಹೀಗೆ ನೆವಗಳ ಮೇಲೆ ವರ್ಷಗಳು ಉರುಳಿದವು. ಸಾವುಕಾರ ತನ್ನ ಅರಳೆಗಾಗಿ ಹೇರಿದ ಕಟ್ಟಳೆಯನ್ನು ಹೆಂಗಸರು ಬಿಗಿಯಾಗಿ ಹಿಡಿದುಕೊಂಡುಬಿಟ್ಟರು. ಪಾಳಿ ಇಲ್ಲದ ಬೆಳಗುಗಳು ಅವರವೇ ಆದವು. ಒಬ್ಬಳು ಕೌದಿ ಹೊಲಿದಳು. ಒಬ್ಬಳು ತವರಿಗೆ ಹೋಗಿ ಅದೇ ದಿನ ಮರಳಿದಳು. ಗೌರಕ್ಕ ಕೇಶ್ವಾಪುರದವರೆಗೆ ನಡೆದು ಹೋಗಿ ರೈಲು ನೋಡಿ ಬಂದಳು, ಯಾವ ಕೆಲಸವೂ ಇಲ್ಲದೆ. ಮುತ್ತವ್ವ ಮಾತ್ರ ಎಲ್ಲೂ ಹೋಗಲಿಲ್ಲ, ನಿದ್ದೆ ಮಾಡಿದಳು. ಹುಟ್ಟಿದಾಗಿನಿಂದ ಬಿಟ್ಟುಹೋದದ್ದನ್ನೆಲ್ಲ ಹುಡುಕಿ ಹುಡುಕಿ ಮಲಗುವಂತೆ ಮಲಗಿದಳು.

ಕಣದಲ್ಲಿ ಹಿರಿಯರೆಂದರೆ ಮಹಾಂತಯ್ಯ. ಪೂಜೆ ಪುನಸ್ಕಾರ ಮಾಡಿಸುವ ಅಯ್ಯನವರು. ಅವರಿಗೆ ಇದು ಸರಿಬರಲಿಲ್ಲ.

“ಅಣತಮ್ಮರು ಬ್ಯಾರೆ ಒಲಿ ಹೂಡಿದ್ದು ಕೇಳೇವಿ,” ಎನ್ನುತ್ತಿದ್ದರು. “ಇದ್ದ ಒಲಿ ಆರಿಸಿದ್ದು ಎಲ್ಲೂ ಕೇಳಿಲ್ಲ.”

“ನಿಮ್ಮ ಜೋಳಿಗಿಗೆ ರೊಟ್ಟಿ ಕಡಿಮಿ ಬಿದ್ದಾವೇನ್ರಿ ಅಯ್ಯಾರ?” ಎಂದು ಮುತ್ತವ್ವ ಕೇಳುತ್ತಿದ್ದಳು. ಕಡಿಮೆ ಬಿದ್ದಿರಲಿಲ್ಲ.

ಒಲೆ ಒಂದಾಯಿತು, ನೀರು ಒಂದಾಗಲಿಲ್ಲ. ಹತ್ತಿರದ ಹಳ್ಳದ್ದು ಸವಳು ನೀರು, ಬಾಯಿಗೆ ಹಾಕುವಂತಿಲ್ಲ. ಕುಡಿಯುವುದಕ್ಕೆ, ಬೇಯಿಸುವುದಕ್ಕೆ ಶಿರಗುಪ್ಪಿಯ ಕೆರೆಯೇ ಗತಿ. ತಲೆಯ ಮೇಲೊಂದು ಕೊಡ, ಟೊಂಕದ ಮೇಲೊಂದು. ಮಳೆಯಾದರೆ ಎರೆಮಣ್ಣು ಕಾಲಿಗೆ ಮೆತ್ತಿ ಒಂದೊಂದು ಹೆಜ್ಜೆಯೂ ಕೊಡದಷ್ಟೇ ಭಾರ. ಅಂಥದೊಂದು ದಿನ ಶಿವಲಿಂಗವ್ವ ಕೆರೆಯ ಏರಿಯಲ್ಲಿ ಜಾರಿದಳು. ಫಕೀರಪ್ಪನ ತಮ್ಮನ ಹೆಂಡತಿ, ಗೌರಕ್ಕನಿಗೆ ನೆಗೆಣ್ಣಿ. ವಯಸ್ಸಿನಲ್ಲಿ ಮಗಳಷ್ಟು ಸಣ್ಣವಳು. ಬಸುರಿ. ಕೊಡ ಒಡೆಯಲಿಲ್ಲ, ತಾಮ್ರದ್ದು. ಕೂಸು ಉಳಿಯಲಿಲ್ಲ. ಗೌರಕ್ಕ ಅವಳನ್ನು ಕೈಮೇಲೆ ಹೊತ್ತು ತಂದಳು. ಹಿಂದೆ ಯಾರೋ ಆ ಕೊಡಗಳನ್ನು ತುಂಬಿಕೊಂಡೇ ಬಂದರು. ಮನೆಯಲ್ಲಿ ನೀರಿರಲಿಲ್ಲ, ತರಲೇಬೇಕಿತ್ತು.

ಮರುವರ್ಷ ಶಿವಲಿಂಗವ್ವ ಮತ್ತೆ ಬಸುರಾದಳು. ಬೇಸಿಗೆ ಮುಗಿಯುವುದರೊಳಗೆ ಕಣಕ್ಕೊಂದು ಬಾವಿಯಾಗಬೇಕು ಎಂಬುದು ಅಂದಿನಿಂದ ಗೌರಕ್ಕನ ತಲೆಯಲ್ಲಿ ಗುಂಗಿಹುಳದಂತೆ ಕೂತಿತು. ಮುಂಬಯಿಯಲ್ಲಿ ಕಾಂಗ್ರೆಸ್ಸಿನವರು ಅಧಿಕಾರಕ್ಕೆ ಬಂದಿದ್ದ ಕಾಲ. ಹಳ್ಳಿಗಳಿಗೆ ಬಾವಿ ಕೊಡುತ್ತಾರಂತೆ ಎಂಬ ಸುದ್ದಿ ಶಿರಗುಪ್ಪಿಯ ಕುಲಕರ್ಣಿಯ ಮನೆಯಿಂದ ಬಂತು. ಅವಳು ಗಂಡನ ಬೆನ್ನು ಬಿದ್ದಳು, ಅಯ್ಯನವರ ಬೆನ್ನು ಬಿದ್ದಳು. ಅವರು ಹೋಗಿ ಅರ್ಜಿ ಬರೆಸಿದರು. ಹತ್ತು ಮನೆಯಾದರೂ ಇರಬೇಕು, ರಾಯರು ಬಂದು ನೋಡುತ್ತಾರೆ ಎಂದು ಉತ್ತರ ಬಂತು.

ರಾಯರು, ಅಂದರೆ ಓವರ್ಸಿಯರ್ ಪಂಢರಿನಾಥರಾಯರು, ಹೇಳದೆ ಕೇಳದೆ ಒಂದು ಮಧ್ಯಾಹ್ನ ಸೈಕಲ್ಲು ತಳ್ಳಿಕೊಂಡು ಬಂದರು. ಗಂಡಸರೆಲ್ಲ ಹೊಲದಲ್ಲಿದ್ದರು. ಪಾಳಿ ಗೌರಕ್ಕ ಮತ್ತು ಮುತ್ತವ್ವನದು. ಗೌರಕ್ಕ ಹಿಟ್ಟಿನ ಕೈ ತೊಳೆದು ತಂಬಿಗೆಯಲ್ಲಿ ನೀರು ತಂದಳು. ರಾಯರು ನೀರು ಬೇಡ ಎಂದು ಕೈ ಅಡ್ಡ ಆಡಿಸಿ ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಂಡರು.

“ಇಲ್ಲೆ ಮನಿ ಎಷ್ಟವ?”

“ಕಣ್ಣಮುಂದಽ ಅದಾವಲ್ರಿ.”

“ಕಾಣಲಿಕತ್ತದ್ದು ಗ್ವಾಡಿ. ಹತ್ತಿ ತುಂಬೂ ಕೋಲಿ ಇರಬಹುದು, ದನದ ಕೊಟ್ಟಗಿ ಇರಬಹುದು. ನಾವು ಗ್ವಾಡಿ ಎಣಸೂದಿಲ್ಲ, ಒಲಿ ಎಣಸ್ತೇವಿ. ಒಲಿ ಎಷ್ಟು?”

ಬದುಕಿನಲ್ಲಿ ಮೊದಲ ಸಲ ಒಬ್ಬ ಅಧಿಕಾರಿ ಗೌರಕ್ಕನನ್ನು ಅವಳ ಒಲೆಯ ಬಗ್ಗೆ ಕೇಳಿದ್ದ. ಅವಳ ಮುಖ ಅರಳಿತು.

“ಒಂದಽ ರಿ, ರಾಯರ. ನಮ್ಮ ಕಣದಾಗ ಒಂದಽ ಒಲಿ. ಎಲ್ಲಾರೂ ಇದರಾಗಽ ಉಣ್ತೇವಿ. ಯಾರ ಮನ್ಯಾಗೂ ಬ್ಯಾರೆ ಹೊಗಿ ಏಳೂದಿಲ್ಲ.”

“ಹಂಗಾರ ಎಲ್ಲಾ ಒಂದ ಮನೆತನ ಅನ್ರಿ.”

“ಹಂಗಽ ತಿಳೀರಿ,” ಎಂದಳು, ಹೆಮ್ಮೆಯಿಂದ.

ರಾಯರು ಬರೆದುಕೊಂಡು ಸೈಕಲ್ಲು ಹತ್ತಿದರು.

“ಎಷ್ಟ ಲಗೂನ ಹೋದ,” ಎಂದಳು ಮುತ್ತವ್ವ. “ಭಾಳ ಛಲೋ ಮನಶ್ಯಾ.”

ಕೆಲವು ದಿನಕ್ಕೆ ಕುಲಕರ್ಣಿ ಹೇಳಿಕಳಿಸಿದ. ಕಣದಲ್ಲಿ ಒಂದೇ ಮನೆ. ಒಂದು ಮನೆಗೆ ಬಾವಿ ಕೊಡಲು ಬರುವುದಿಲ್ಲ.

ಆ ಸಂಜೆ ಗಂಡಸರೆಲ್ಲ ಬೇವಿನ ಬುಡದಲ್ಲಿ ಸೇರಿದರು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಗೌರಕ್ಕ ಮರುಮಾತು ಆಡುತ್ತಿದ್ದಳು. ಫಕೀರಪ್ಪ ಬೀಡಿ ಹಚ್ಚಿ ನೆಲ ನೋಡುತ್ತ ಅಂದ: “ನಿನ್ನ ನಾಲಿಗಿ ಬಾವಿ ನುಂಗಿತು.” ಅಷ್ಟೆ. ಶಿವಲಿಂಗವ್ವ ಬೆಳಿಗ್ಗೆ ಸಿಂಬೆ ಸುತ್ತಿ ಕೊಡ ಎತ್ತಿಕೊಂಡಳು. ಅದನ್ನು ನೋಡಿದ ಗೌರಕ್ಕ ಓಡಿಹೋಗಿ ಆ ಕೊಡ ಕಿತ್ತುಕೊಂಡಳು. ಅಂದಿನಿಂದ ಇಬ್ಬರ ನೀರೂ ಅವಳದೇ ತಲೆಯ ಮೇಲೆ. ಕೆರೆಗೆ ಹೋದವಳು ಬಂದಳು, ಬಂದವಳು ಮತ್ತೆ ಹೋದಳು. ಕೂತರೆ ‘ಒಂದಽ ರಿ’ ಎಂದ ತನ್ನ ದನಿ ಕೇಳುತ್ತಿತ್ತು. ನಡೆದರೆ ತುಸು ಕಡಿಮೆಯಾಗುತ್ತಿತ್ತು.

ಹಾಗೆ ನಡೆಯುತ್ತಲೇ ಒಂದು ದಿನ ಕೊಡಗಳನ್ನು ಕೆರೆಯ ದಂಡೆಯಲ್ಲಿಟ್ಟು ನೇರ ಕುಲಕರ್ಣಿಯ ವಾಡೆಯ ಹಿತ್ತಲಿಗೆ ಹೋದಳು. ಕುಲಕರ್ಣಿಯ ಹೆಂಡತಿ ಕಾಶೀಬಾಯಿ ಒದ್ದೆ ಸೀರೆಯಲ್ಲಿ ಹಪ್ಪಳದ ಹಿಟ್ಟು ಕುಟ್ಟುತ್ತಿದ್ದಳು. ಗೌರಕ್ಕ ತುಳಸಿಕಟ್ಟೆಯ ಈಚೆಯೇ ನಿಂತು ಆದದ್ದೆಲ್ಲ ಹೇಳಿದಳು. ಕಾಶೀಬಾಯಿ ಒನಕೆ ನಿಲ್ಲಿಸಿದಳು.

“ಖರೇನ ಒಂದಽ ಒಲಿ ಏನು? ಎಲ್ಲಾರಿಗೂ?”

“ಖರೇ ರಿ, ಬಾಯಾರ.”

“ಮತ್ತ ಪಾಳಿ ಇಲ್ಲದ ದಿನ ಏನ ಮಾಡ್ತೀರಿ?”

“ಏನೂ ಮಾಡೂದಿಲ್ರಿ. ನಮ್ಮ ಮುತ್ತವ್ವ ಮಕ್ಕೊಂತಾಳ.”

ಕಾಶೀಬಾಯಿ ಒನಕೆಯ ಮೇಲೆ ಗದ್ದ ಊರಿದಳು. “ನಮ್ಮ ಮನ್ಯಾಗ ಐದು ಮಂದಿ ಹೆಂಗಸರು ಇದ್ದೇವಿ. ಮಡಿ ಒಲಿ ಬ್ಯಾರೆ, ಮೈಲಿಗಿ ಒಲಿ ಬ್ಯಾರೆ, ಬಾಣಂತಿ ಒಲಿ ಬ್ಯಾರೆ. ಹಗಲಿ ಮಕ್ಕೊಂಡಿದ್ದು ನೆನಪಿಲ್ಲ ನೋಡು.” ಮತ್ತೆ ಒನಕೆ ಎತ್ತಿದಳು. “ಸೋಮವಾರ ರಾಯರು ಕೆರಿ ತೂಬು ನೋಡಲಿಕ್ಕೆ ಬರ್ಲಿಕತ್ತಾರ. ಊಟ ನಮ್ಮಲ್ಲೆನ. ನಿಮ್ಮ ಕಡೆ ಒಂದು ಸಲ ಹಾಯ್ದು ಹೋಗ್ರಿ ಅಂತ ಇವರ ಬಾಯಿಲೆ ಹೇಳಸ್ತೀನಿ. ಅವತ್ತು ಎಲ್ಲಾ ಮನ್ಯಾಗೂ ಹೊಗಿ ಏಳಲಿ.”

ಆ ವರ್ಷ ಸಾವುಕಾರ ಬಿಡಿಸಿದ ಹತ್ತಿಯನ್ನು ಅಂದಂದೇ ಗಿರಣಿಗೆ ಸಾಗಿಸುತ್ತಿದ್ದ, ಮನೆಯಲ್ಲಿ ಉರಿ ಹಚ್ಚಲು ಅವನ ಅಡ್ಡಿಯಿರಲಿಲ್ಲ. ಸೋಮವಾರ ಬೆಳಿಗ್ಗೆ ಕಣದ ಹೆಂಗಸರು ತಮ್ಮ ತಮ್ಮ ಮನೆಯ ಒಲೆ ಹುಡುಕಿಕೊಂಡು ಹೊರಟರು. ಹುಡುಕಬೇಕೇ ಆಯಿತು. ಒಬ್ಬಳ ಒಲೆಯ ಮೇಲೆ ಜೋಳದ ಚೀಲ ಏರಿ ಕೂತಿತ್ತು. ಒಬ್ಬಳದನ್ನು ಸಾರಿಸಿ ಸಾರಿಸಿ ಅದು ಕೂರುವ ಕಟ್ಟೆಯಾಗಿಬಿಟ್ಟಿತ್ತು, ಮಾವ ಅದರ ಮೇಲೆ ಎಲೆಅಡಿಕೆ ಕುಟ್ಟುತ್ತಿದ್ದ. ಮುತ್ತವ್ವನ ಒಲೆಯಲ್ಲಿ ಕೋಳಿ ಕಾವಿಗೆ ಕೂತಿತ್ತು.

“ಏಳಽ ಎವ್ವ, ಸರಕಾರ ಬರಾಕತ್ತೈತಿ,” ಎಂದು ಮುತ್ತವ್ವ ಅದರ ಮುಂದೆ ಕೈಮುಗಿದಳು. ಕೋಳಿ ಅವಳ ಮುಂಗೈ ಕುಕ್ಕಿತು. ಕೊನೆಗೆ ಅದನ್ನು ಬುಟ್ಟಿಯ ಸಮೇತ ಅಯ್ಯನವರ ಮನೆಯ ದೇವರ ಮಾಡದ ಕೆಳಗೆ ಇಟ್ಟು ಬಂದರು. ಬೇವಿನ ಬುಡದ ಒಲೆಯಿಂದಲೇ ಕುಳ್ಳಿನ ಮೇಲೆ ಕೆಂಡ ಹೊತ್ತು ಮನೆಮನೆಗೆ ಒಯ್ದರು. ಬೆಳಕಿಂಡಿ ತೆರೆಯುವುದು ಅರ್ಧದಷ್ಟು ಮನೆಯವರಿಗೆ ನೆನಪೇ ಆಗಲಿಲ್ಲ. ಹೊಗೆ ಮೇಲೆ ಹೋಗುವ ಬದಲು ಬಾಗಿಲಿನಿಂದ ನುಗ್ಗಿತು, ಅದರ ಹಿಂದೆ ಕೆಮ್ಮುತ್ತ ಹೆಂಗಸರು, ಅವರ ಹಿಂದೆ ಮುದುಕರು.

ಅಷ್ಟರಲ್ಲಿ ರಾಯರು ಬಂದರು. ಕಣದ ನಡುವೆ ನಿಂತು, ಕಣ್ಣೊರೆಸಿಕೊಳ್ಳುತ್ತ ಹೊಗೆ ಎಣಿಸಿದರು.

“ಹೋದ ಸಲ ಒಂದಽ ಒಲಿ ಅಂದಿದ್ರಿ?”

ಮುತ್ತವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಜಗಳಾಡಿ ಬ್ಯಾರೆ ಆದಿವ್ರಿ.”

“ಇಷ್ಟೂ ಮನಿ? ಇಷ್ಟ ದಿನದಾಗ?”

“ಹೆಂಗಸರು ರಿ, ರಾಯರ. ಜಗಳಾ ಮಾಡಾಕ ಎಷ್ಟೊತ್ತು ಬೇಕು?”

ರಾಯರು ನಕ್ಕುಬಿಟ್ಟರು. ಅದನ್ನು ಅವರು ನಂಬಿದರು. ಅಷ್ಟು ಹೆಂಗಸರು ಕೂಡಿ ಉಣ್ಣುತ್ತಾರೆಂಬುದನ್ನು ನಂಬುವುದಕ್ಕಿಂತ ಅದು ಸುಲಭವಿತ್ತು. ಊರಿನ ಹೆಸರು ಕೇಳಿದರು. ಯಾರಿಗೂ ತೋಚದಿದ್ದಾಗ ತಾವೇ ‘ಹೊಸಕಣ’ ಎಂದು ಬರೆದುಕೊಂಡರು. ಸಾವುಕಾರ ಬಾವಿಗೆ ಹೊಲ ಬಿಡಲು ಒಪ್ಪಿರಲಿಲ್ಲ, ಕಣದ ಗಟ್ಟಿನೆಲ ಮಾತ್ರ ಕೊಟ್ಟಿದ್ದ. ಹಾಗಾಗಿ ಬೇವಿನ ಗಿಡದ ಹತ್ತಿರವೇ, ದೊಡ್ಡ ಒಲೆಯಿಂದ ನಾಲ್ಕು ಮಾರು ದೂರದಲ್ಲಿ, ಒಂದು ಗೂಟ ಬಡಿಸಿದರು. ಹೋಗುವಾಗ ಹೇಳಿದರು:

“ಮಂಜೂರಿ ಆಗೂ ಮೊದಲ ನಮ್ಮ ಸಾಹೇಬರು ಒಂದ ಸಲ ಬಂದು ನೋಡ್ತಾರ. ಯಾವತ್ತು ಅಂತ ಹೇಳಲಿಕ್ಕೆ ಬರೂದಿಲ್ಲ.”

ಆ ಒಂದು ಮಾತು ಕಣದಲ್ಲಿ ಉಳಿದುಕೊಂಡಿತು.

ಸಂಜೆ, ಹೊತ್ತಿದ ಒಲೆ ಇದೆಯಲ್ಲ ಎಂದು ಗೌರಕ್ಕ ಮನೆಯಲ್ಲೇ ರೊಟ್ಟಿ ಬಡಿದಳು. ಹಂಚಿನಿಂದ ನೇರ ಗಂಡನ ತಾಟಿಗೆ ಹಾಕಿದಳು. ಉಬ್ಬಿದ ರೊಟ್ಟಿಯನ್ನು ಫಕೀರಪ್ಪ ಬೆರಳಿನಿಂದ ಒತ್ತಿ ಹಬೆ ಬಿಡಿಸಿದ. ಅವನ ಮುಖದ ಮೇಲೆ ಎಂದೋ ಕಳೆದದ್ದು ಸಿಕ್ಕವನ ಸಂತೋಷವಿತ್ತು.

“ರೊಟ್ಟಿ ಸಪ್ಪಳಾ ಮನ್ಯಾಗ ಕೇಳಿ ಎಷ್ಟ ವರ್ಷ ಆಗಿತ್ತು,” ಎಂದ.

ಅವನು ಒಳ್ಳೆಯ ಮಾತಿನಿಂದ ಹೇಳಿದ್ದ. ಅದಕ್ಕೇ ಗೌರಕ್ಕನಿಗೆ ಹೆದರಿಕೆಯಾಯಿತು.

ಮರುದಿನ ಅವಳು ಹಿಟ್ಟು ಹೊತ್ತು ಬೇವಿನ ಬುಡಕ್ಕೆ ಹೊರಟಾಗ ಮಹಾಂತಯ್ಯ ದಾರಿಯಲ್ಲಿ ನಿಂತಿದ್ದರು. ಹಿಂದೆ ಉಳಿದ ಗಂಡಸರು.

“ಎಲ್ಲಿಗೆ, ಗೌರವ್ವ? ಸಾಹೇಬ ಇವತ್ತಽ ಬಂದ್ರ? ನಾಳೆ ಬಂದ್ರ? ಬಾವಿ ಬೇಕೋ ಬ್ಯಾಡೋ?”

“ಬೇಕ್ರಿ.”

“ಮತ್ತ? ಮನಿಮನಿಗೆ ಒಲಿ ಉರೀಬೇಕು. ಒಮ್ಮೆ ನಿನ್ನ ಮಾತಿಲೆ ಕೆಟ್ಟೈತಿ.”

ಶಿವಲಿಂಗವ್ವ ತನ್ನ ಬಾಗಿಲಿನಲ್ಲಿ ನಿಂತಿದ್ದಳು, ಹೊಟ್ಟೆಯ ಮೇಲೆ ಕೈಯಿಟ್ಟು. ಗೌರಕ್ಕ ಹಿಟ್ಟು ಹೊತ್ತು ಮನೆಗೆ ಮರಳಿದಳು.

ದಿನಗಳು ಹೋದವು, ಸಾಹೇಬ ಬರಲಿಲ್ಲ. ಕತ್ತಲಿರುವಾಗಲೇ ಎಲ್ಲ ಮನೆಗಳಲ್ಲೂ ಮತ್ತೆ ಬೀಸುಕಲ್ಲು, ಮತ್ತೆ ತಟ್ಟುವ ಸಪ್ಪಳ. ಒಲಿಪಾಲು ನಿಂತಿತು, ಒಲೆಯ ಮುಂದೆ ಯಾರೂ ಉಳಿಯುತ್ತಿರಲಿಲ್ಲ, ತೆಗೆದಿಡುವುದು ಯಾರಿಗೆ? ಮುತ್ತವ್ವ ಹತ್ತಿಯ ಸಾಲಿನಲ್ಲಿ ನಿಂತಲ್ಲೇ ತೂಕಡಿಸಿ ಬಿದ್ದಳು, ಮುಕಾದಮನಿಂದ ಬೈಸಿಕೊಂಡಳು. ಹೆಂಗಸರು ಒಬ್ಬರನ್ನೊಬ್ಬರು ನೋಡುವುದು ಕೆರೆಯ ದಾರಿಯಲ್ಲಿ ಮಾತ್ರವಾಯಿತು, ಅಲ್ಲಿ ಮಾತಿಗೆ ಉಸಿರಿರುತ್ತಿರಲಿಲ್ಲ. ಬೇವಿನ ಬುಡದ ಒಲೆಯಲ್ಲಿ ನಾಯಿ ಮಲಗತೊಡಗಿತು. ಗೌರಕ್ಕ ನೀರಿಗೆ ಹೋಗುವಾಗ ಅದನ್ನು ಗದರಿಸಿ ಎಬ್ಬಿಸುತ್ತಿದ್ದಳು, ಬರುವಷ್ಟರಲ್ಲಿ ಅದು ಮತ್ತೆ ಅಲ್ಲೇ. ಗೂಟವನ್ನು ಕಾಲಿನಿಂದ ಒತ್ತಿ ನೋಡುತ್ತಿದ್ದಳು, ಗಟ್ಟಿಯಾಗಿದೆಯೇ ಎಂದು. ಬಾವಿಯ ಗೂಟವೂ ಬೇಕು, ಅದರ ಪಕ್ಕದ ಒಲೆಯೂ ಬೇಕು. ಒಂದನ್ನು ಹಿಡಿದರೆ ಇನ್ನೊಂದು ಕೈಬಿಡುತ್ತಿತ್ತು. ಅವಳ ಕಾಲಿನ ಚಕ್ರ ಈಗ ತಲೆಗೆ ಹತ್ತಿತ್ತು.

ಒಂದು ಸಂಜೆ ಗಂಡನಿಗೆ ಬಡಿಸುತ್ತ ಬಡಿಸುತ್ತ ಕೈ ನಿಲ್ಲಿಸಿ ಕೇಳಿದಳು:

“ಸಾಹೇಬ ಬಂದಾಗ ಏನ ನೋಡ್ತಾನ?”

“ಒಲಿ ಉರೀತೈತೋ ಇಲ್ಲೋ ನೋಡ್ತಾನ.”

“ಒಲಿ ಮ್ಯಾಲ ಏನೈತಿ ಅಂತ ನೋಡ್ತಾನೇನು?”

“ಅದ್ಯಾಕ ನೋಡ್ತಾನ?”

“ಹಂಗಾರ ಅವನಿಗೆ ಬೇಕಾಗಿದ್ದು ಹೊಗಿ. ರೊಟ್ಟಿ ಅಲ್ಲ. ಹೊಗಿ ನೀವಽ ಏಳಸ್ರಿ. ರೊಟ್ಟಿ ನಾವು ಕಣದಾಗ ಬಡೀತೀವಿ.”

ಫಕೀರಪ್ಪ ನಕ್ಕ. ಚೇಷ್ಟೆಯೆಂದು ತಿಳಿದು ಇನ್ನೊಂದು ರೊಟ್ಟಿ ಕೇಳಿದ. ಗೋಡೆಯ ಆಚೆ ಮುತ್ತವ್ವನ ಬಳೆ ಸದ್ದಾಯಿತು, ಆಚೆಯಿಂದ ಕೇಳಿಸಿಕೊಂಡಿದ್ದಳು.

ಬಾವಿಯ ಮಾತನ್ನು ಇಲ್ಲಿಯೇ ಹೇಳಿ ಮುಗಿಸಿಬಿಡಬೇಕು. ಅದು ಆ ಬೇಸಿಗೆಯಲ್ಲೇ ಆಯಿತು. ನೀರು ತುಸು ಒಗರು, ಆದರೂ ಬೇಳೆ ಬೇಯುತ್ತಿತ್ತು. ಶಿವಲಿಂಗವ್ವನ ಮಗಳಿಗೆ ಮೊದಲು ಎರೆದದ್ದು ಅದೇ ನೀರಿನಿಂದ. ಪರೀಕ್ಷೆಗೆಂದು ಯಾವ ಸಾಹೇಬನೂ ಎಂದೂ ಬರಲಿಲ್ಲ. ಆದರೆ ಅದು ಆಗ ಯಾರಿಗೂ ಗೊತ್ತಿರಲಿಲ್ಲ. ಗಂಡನಿಗೆ ಆ ಮಾತು ಹೇಳಿದ ಮರುದಿನ ಬೆಳಿಗ್ಗೆ ಕೋಳಿ ಕೂಗುವಾಗ ಹಿಟ್ಟಿನ ಪರಾತ ತಲೆಯ ಮೇಲಿಟ್ಟುಕೊಂಡು, ಹಂಚು ಬಗಲಲ್ಲಿ, ಊದುಗೊಳವೆ ಟೊಂಕದಲ್ಲಿ ಸಿಕ್ಕಿಸಿಕೊಂಡು ಹೊರಬಿದ್ದ ಗೌರಕ್ಕನಿಗಂತೂ ಗೊತ್ತಿರಲಿಲ್ಲ. ಸಾಹೇಬ ಇವತ್ತೇ ಬಂದರೆ, ತನ್ನ ಮನೆಯ ಒಲೆ ತಣ್ಣಗಿದ್ದರೆ, ಬಾವಿ ಮತ್ತೊಮ್ಮೆ ತನ್ನಿಂದಲೇ ಹೋಗುತ್ತದೆ. ಹೆಜ್ಜೆಹೆಜ್ಜೆಗೂ ಅದೇ ಯೋಚನೆ. ಆದರೂ ಕಾಲು ನಿಲ್ಲಲಿಲ್ಲ.

ನಾಯಿಯನ್ನು ಎಬ್ಬಿಸಿದಳು. ಬೂದಿ ತೆಗೆದಳು. ಉರಿ ಹತ್ತಿಸಿ ಎಸರಿಟ್ಟಳು. ಎಷ್ಟು ಹಿಟ್ಟು ಕಲಸುವುದು? ತನ್ನ ಮನೆಗೆ ಸಾಕಾಗುವಷ್ಟು ಕಲಸಿದರೆ ಅದು ಬರೀ ಹಟ. ಎಲ್ಲರಿಗೂ ಕಲಸಿ ಯಾರೂ ಬರದಿದ್ದರೆ ಒಂದು ವಾರದ ಹಿಟ್ಟು ಮಣ್ಣುಪಾಲು, ಮೇಲೆ ನಗೆಪಾಟಲು. ಪರಾತದ ಮುಂದೆ ಕೂತಳು, ಎದ್ದಳು, ಮನೆಗಳ ಕಡೆ ನೋಡಿದಳು. ಒಂದು ಬಾಗಿಲೂ ಅಲುಗಲಿಲ್ಲ. ಮತ್ತೆ ಕೂತಳು. ತಂದ ಹಿಟ್ಟನ್ನೆಲ್ಲ ಸುರಿದು ಕುದಿನೀರು ಹೊಯ್ದಳು. ಬೆರಳಿನ ಗೀರುಗಳು ಉರಿದವು.

ಮೊದಲ ರೊಟ್ಟಿ ಹಂಚಿನ ಮೇಲೆ ಬಿದ್ದಾಗ ಹಿಂದಿನಿಂದ ದನಿ ಬಂತು.

“ಹಿಟ್ಟು ಗಟ್ಟಿ ಆಗೇತಿ. ಒಬ್ಬಾಕಿನಽ ಮಾಡಿದ್ರ ಹಿಂಗಽ ಆಗೂದು. ಸರಿ ಅತ್ತಾಗ.” ಮುತ್ತವ್ವ ತನ್ನ ಪರಾತ ದೊಪ್ಪೆಂದು ಇಳಿಸಿದಳು. “ನನ್ನ ಗಂಡಗ ಕಡ್ಡಿಪೆಟಗಿ ಕೊಟ್ಟು ಬಂದೀನಿ. ಕೋಳಿ ಮತ್ತ ಒಲ್ಯಾಗ ಕುಂತೈತಿ. ಅದನ್ನ ಎಬ್ಬಿಸೂದೂ ಅವಂದಽ ಕೆಲಸ.”

ಆಮೇಲೆ ಇನ್ನೊಬ್ಬಳು, ಅವಳ ಹಿಂದೆ ಇಬ್ಬರು. ಎಲ್ಲರೂ ಬರಲಿಲ್ಲ. ಅಯ್ಯನವರ ಹೆಂಡತಿ ಬರಲಿಲ್ಲ, ಅವಳ ಬಾಗಿಲು ಅರ್ಧ ತೆರೆದು ಮತ್ತೆ ಮುಚ್ಚಿತು. ಶಿವಲಿಂಗವ್ವ ತನ್ನ ಮನೆಯಲ್ಲಿ ಉರಿ ಹತ್ತಿಸಿಯೇ ಬಂದಳು. ಬಾವಿಯ ಮೇಲೆ ಅವಳ ಜೀವವಿತ್ತು. ಬೆವರಿದ್ದಳು. ಅವಳನ್ನು ಕೂರಿಸಿ ಅವಳ ಕೈಯ ಹಿಟ್ಟು ಕಿತ್ತುಕೊಂಡರು.

ಬೆಳಕು ಹರಿಯಿತು. ಗೌರಕ್ಕ ತಿರುತಿರುಗಿ ಮಾಳಿಗೆಗಳ ಕಡೆ ನೋಡುತ್ತಿದ್ದಳು. ಮುತ್ತವ್ವನ ಮನೆಯ ಬೆಳಕಿಂಡಿಯಿಂದ ಒಂದು ಎಳೆ ಹೊಗೆ ಎದ್ದಿತು, ಜೊತೆಗೆ ಕೋಳಿಯ ಕಿರುಚಾಟ. ಅದರಾಚೆ ಇನ್ನೊಂದು ಮನೆಯಿಂದ ದಟ್ಟವಾದ, ಹಸಿ ಕಟ್ಟಿಗೆಯ ಹೊಗೆ. ಯಾರೋ ಕೆಮ್ಮಿದರು, ಯಾರೋ ಬೈದರು. ಅವಳ ಮನೆಯ ಮೇಲೆ ಮಾತ್ರ ಏನೂ ಇಲ್ಲ. ಬರೀ ಆಕಾಶ. ಏಳಲೇ, ಹೋಗಲೇ, ಒಂದು ಕಡ್ಡಿ ಗೀರಿ ಬಂದುಬಿಡಲೇ ಎಂದು ಮಂಡಿ ಎತ್ತಿದಳು. ಮುತ್ತವ್ವ ಅವಳ ಸೆರಗು ಹಿಡಿದು ಜಗ್ಗಿ ಕೂರಿಸಿದಳು.

ಆಗ ಫಕೀರಪ್ಪ ಹೊರಗೆ ಬಂದ. ಕಣ್ಣು ಕೆಂಪಾಗಿತ್ತು, ಮೀಸೆಯ ಮೇಲೆ ಬೂದಿ ಕೂತಿತ್ತು. ಕಣದ ನಡುವಿನವರೆಗೆ ಬಂದು, ಅಷ್ಟು ಹೆಂಗಸರ ಮುಂದೆ ಮುಂದಕ್ಕೆ ಬರಲಾಗದೆ, ಅಲ್ಲಿಂದಲೇ ಕೂಗಿದ:

“ಲೇ ಇಕಿ! ಊದಗೊಳವಿ ಎಲ್ಲಿಟ್ಟಿ? ಹತ್ತವಲ್ದು!”

ಗೌರಕ್ಕ ಟೊಂಕದಿಂದ ಊದುಗೊಳವೆ ತೆಗೆದಳು. ಒಂದು ಗಳಿಗೆ ಅದನ್ನು ನೋಡಿದಳು. ಆಮೇಲೆ ತನ್ನ ಮುಂದಿನ ಒಲೆಗೆ ಹಿಡಿದು ಊದಿದಳು, ಉರಿ ಭಗ್ಗನೆ ಎದ್ದಿತು.

“ಇಲ್ಲೆ ಬೇಕಾಗೇತ್ರಿ,” ಎಂದಳು. “ಬಾಯಿಲೆ ಊದ್ರಿ.”